ದೂರದಿಂದ ಕಲಿಸುವ ಪಾಠವೂ ಮಗುವಿನ ಪ್ರತ್ಯುತ್ತರವೂ



ಕ್ರಿ. ಶ. 2020ನೇ ಇಸವಿಯ ಮಾರ್ಚ್ ತಿಂಗಳನ್ನು ನಮ್ಮಲ್ಲಿ ಯಾರೂ ಮರೆತಿರಲಾರರು. ಕೊರೋನಾ ರೋಗವು ಹರಡಿದ್ದರಿಂದ ಶಾಲೆಗಳ ಬಾಗಿಲುಗಳು ಮುಚ್ಚಿದವು. ಆ ತಿಂಗಳ 25ನೇ ತಾರೀಕಿನಿಂದ ದೇಶದವರೆಲ್ಲರೂ ಮನೆಯೊಳಗೆ ಉಳಿಯಬೇಕಾಯಿತು. ಮಂಗಳೂರಿನ ಉಪಾಧ್ಯಾಯರು ತಮ್ಮ ಮನೆಯಲ್ಲಿ ಕೂತರು. ಅವರ ವಿದ್ಯಾರ್ಥಿಗಳು ಬೆಳ್ತಂಗಡಿ, ಪುತ್ತೂರು, ಸುಳ್ಯ ಮುಂತಾದ ಕಡೆಗಳಲ್ಲಿರುವ ತಮ್ಮ ತಮ್ಮ ಊರುಗಳಿಗೆ ಹೋಗಿಬಿಟ್ಟರು. ಅಂಥ ಸಮಯದಲ್ಲಿ ಝೂಮ್, ಗೂಗಲ್ ಮೀಟ್ ಎಂಬ ಹೆಸರುಗಳು ಹಳ್ಳಿಯ ಜನರ ಬಾಯಿಗೂ ಬಂದವು. ಮೊಬೈಲನ್ನು ಎದುರಿಗಿಟ್ಟುಕೊಂಡು, ಇಂಟರ್‌ನೆಟ್ಟಿನ ಮೂಲಕವಾಗಿ, ಹಲವು ಊರುಗಳಲ್ಲಿರುವವರು ಒಂದೇ ಹೊತ್ತಿನಲ್ಲಿ ಒಬ್ಬರನ್ನೊಬ್ಬರು ಕಂಡು ಮಾತಾಡುವ ಕೂಟಕ್ಕೆ ಆನ್‌ಲೈನ್ ಸಭೆಯೆಂದೂ, ಅದರಲ್ಲಿ ನಡೆಯುವ ಪಾಠಕ್ಕೆ ನೇರ ಪಾಠವೆಂದೂ ಹೇಳುತ್ತಾರೆ.

ಆ ರೋಗದ ಕಾಲವು ಕಳೆದು, ಶಾಲೆಗಳು ತೆರೆದು ವರುಷಗಳಾದವು. ಆದರೂ ಈ ಸಾಧನವು ನಮ್ಮನ್ನು ಬಿಟ್ಟುಹೋಗಲಿಲ್ಲ. ಗಲ್ಫ್ ದೇಶದಲ್ಲಿ ದುಡಿಯುವ ಅಣ್ಣನು ಊರಿನಲ್ಲಿರುವ ತಂಗಿಗೆ ಇದರಿಂದಲೇ ಲೆಕ್ಕ ಹೇಳಿಕೊಡುವದುಂಟು. ಹಗಲಿನಲ್ಲಿ ಕೆಲಸ ಮಾಡುವ ಯೌವನಸ್ಥರು ರಾತ್ರಿಯಲ್ಲಿ ಇದರಿಂದಲೇ ಪರೀಕ್ಷೆಗೆ ಓದುವದುಂಟು. ಹೀಗಿರುವದರಿಂದ ಅದನ್ನು ಉಪಯೋಗಿಸುವ ಕ್ರಮವನ್ನು ಕಲಿಸುವವರೂ ಕಲಿಯುವವರೂ ತಂದೆತಾಯಿಗಳೂ ತಿಳಿದುಕೊಳ್ಳುವದು ಯುಕ್ತವಾಗಿದೆ. ಈ ಪಾಠವನ್ನು ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ, ಕೊನೆಯಲ್ಲಿರುವ ಪ್ರಶ್ನೆಗಳಿಗೆ ಎಲ್ಲರೂ ಕೂಡಿ ಉತ್ತರ ಹೇಳಿದರೆ ಪ್ರಯೋಜನವಾದೀತು.

1. ಈ ಸಾಧನದ ವಿಶೇಷವೇನು?

ದೂರದಲ್ಲಿರುವವರಿಗೆ ಕಲಿಸಬೇಕೆಂಬ ಪ್ರಯತ್ನವು ಮಂಗಳೂರಿಗೆ ಹೊಸದಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. 1843ನೇ ಜುಲೈ 1ನೇ ತಾರೀಕಿನಲ್ಲಿ ಹೆರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವೆಂಬ ಪತ್ರಿಕೆಯನ್ನು ಹೊರಡಿಸಿದರು, ಕನ್ನಡದ ಮೊದಲನೆಯ ವರ್ತಮಾನಪತ್ರಿಕೆ ಅದೇ. ಹೀಗೆ ಊರಿನೊಳಗೆ ಅಚ್ಚಾದ ಮಾತು ಹೊಳೆಗಳನ್ನು ದಾಟಿ ದೂರದ ಮನೆಗಳಿಗೆ ಹೋಗುವದಕ್ಕೆ ದಾರಿಯಾಯಿತು. ಬಹುಕಾಲವಾದ ಮೇಲೆ 1976ರಲ್ಲಿ ಮಂಗಳೂರಿಗೆ ಆಕಾಶವಾಣಿ ಕೇಂದ್ರವು ಬಂತು. ಓದಲಾರದವರೂ ಕೇಳಿ ತಿಳಿಯುವ ಹಾಗಾಯಿತು. 2020ರ ಜುಲೈ ತಿಂಗಳಿನಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೋಸ್ಕರ ಪಾಠಗಳು ಪ್ರಸಾರವಾದವು.

ಇವೆಲ್ಲವುಗಳಿಂದ ಬಹಳ ಉಪಕಾರವಾಯಿತು. ಆದರೂ ಇವುಗಳಿಗೆ ಒಂದು ಕೊರತೆ ಉಂಟು. ಅದೇನಂದರೆ, ಹೇಳುವವನ ಮಾತು ಕೇಳುವವನಿಗೆ ಮುಟ್ಟುತ್ತದೆ. ಕೇಳುವವನ ಸಂಶಯವು ಹೇಳುವವನಿಗೆ ಆ ಕೂಡಲೇ ತಿರಿಗಿ ಮುಟ್ಟುವದಿಲ್ಲ. ಪತ್ರಿಕೆಯನ್ನು ಓದುವ ಹುಡುಗನು ನಡುವೆ ಒಂದು ಮಾತು ತಿಳಿಯದೆ ನಿಂತರೆ, ಪತ್ರಿಕೆಯು ಅವನಿಗಾಗಿ ಕಾಯುವದೂ ಇಲ್ಲ, ಬೇರೆ ಮಾತಿನಲ್ಲಿ ಹೇಳುವದೂ ಇಲ್ಲ.

ನೇರ ಪಾಠವಾದರೋ ಹಾಗಲ್ಲ. ಅದರಲ್ಲಿ ಮಗುವು ಆ ಕ್ಷಣವೇ ಕೇಳಬಹುದು, ಉಪಾಧ್ಯಾಯರು ಆ ಕ್ಷಣವೇ ಉತ್ತರ ಕೊಡಬಹುದು. ಈ ಸಾಧನಕ್ಕೆ ಇರುವ ದೊಡ್ಡ ಗುಣವು ಇದೇ. ಈ ಗುಣವನ್ನು ಉಪಯೋಗಿಸದೆ ಉಪಾಧ್ಯಾಯರು ಒಂದು ತಾಸು ತಾವೇ ಮಾತಾಡಿ ಎದ್ದುಹೋದರೆ, ಅದು ಆಕಾಶವಾಣಿಯ ಭಾಷಣವೇ ಆಯಿತು. ಮೇಲಾಗಿ ಡಾಟಾದ ಹಣವೂ ಹೋಯಿತು. ಆದಕಾರಣ ಈ ಪಾಠದ ಸಾರಾಂಶವನ್ನು ಮೊದಲೇ ಹೇಳಿಬಿಡುತ್ತೇವೆ: ನೇರ ಪಾಠದಲ್ಲಿ ಉಪಾಧ್ಯಾಯರ ಮಾತು ಮಗುವಿಗೆ ಮುಟ್ಟಿದರೆ ಅರ್ಧ ಕೆಲಸವಾಯಿತು, ಮಗುವಿನ ಮಾತು ಉಪಾಧ್ಯಾಯರಿಗೆ ತಿರಿಗಿ ಬಂದರೆ ಮಾತ್ರ ಕೆಲಸವು ಪೂರ್ತಿಯಾಯಿತು.

2. ಒಂದು ದೃಷ್ಟಾಂತ

ಸುಳ್ಯದ ಕಡೆಯ ಒಂದು ಮನೆಯನ್ನು ಮನಸ್ಸಿನಲ್ಲಿ ತಂದುಕೊಳ್ಳಿರಿ. ತಂದೆಯು ಬೆಳಕು ಹರಿಯುವದಕ್ಕೆ ಮುಂಚೆ ರಬ್ಬರ್ ಟ್ಯಾಪಿಂಗಿಗೆ ಹೋಗುವವನು. ತಾಯಿಯು ಮನೆಯಲ್ಲಿ ಬೀಡಿ ಕಟ್ಟುವವಳು. ಮನೆಗೆಲ್ಲಾ ಇರುವದು ಒಂದೇ ದೊಡ್ಡ ಮೊಬೈಲು. ಅದು ತಂದೆಯ ಜೇಬಿನಲ್ಲಿ. ಆರನೆಯ ತರಗತಿಯ ಮಗಳಿಗೆ ಪಾಠವು ಬೆಳಿಗ್ಗೆ 9 ಗಂಟೆಗೆ. ತಂದೆಯು ಮಗಳ ನಿಮಿತ್ತವಾಗಿ ಮೊಬೈಲನ್ನು ಮನೆಯಲ್ಲೇ ಬಿಟ್ಟುಹೋಗಲು ಒಪ್ಪಿಕೊಂಡನು. ಹುಡುಗಿಯು ಪ್ರತಿದಿನವೂ ಗುಡ್ಡ ಹತ್ತಿ, ನೆಟ್‌ವರ್ಕು ಸಿಕ್ಕುವ ಗೇರುಮರದ ಕೆಳಗೆ ಕೂತು, ಹಾಜರಿ ಹೇಳಿ, ಪಾಠ ಕೇಳಿ ಬರುವಳು. ಒಂದು ತಿಂಗಳಾದ ಮೇಲೆ ಒಂದು ಸಾಯಂಕಾಲ ಅವರೊಳಗೆ ಈ ಮಾತು ನಡೆಯಿತು:

“ಮಗಾ, ಇವತ್ತು ಏನು ಕಲಿಸಿದರು?”

“ಭಿನ್ನರಾಶಿ, ಅಪ್ಪಾ.”

“ಹಾಗಾದರೆ ಹೇಳು ನೋಡುವ: ಒಂದು ತೆಂಗಿನಕಾಯಿಯ ಅರ್ಧದಲ್ಲಿ ಅರ್ಧವೆಂದರೆ ಎಷ್ಟು?”

ಹುಡುಗಿಯು ಸುಮ್ಮನಿದ್ದಳು. ತಂದೆಯು, “ತಿಳಿಯದಿದ್ದರೆ ಟೀಚರನ್ನು ಕೇಳಬಾರದೇನು?” ಅಂದನು.

“ಕೇಳಬೇಕೆಂದು ಮ್ಯೂಟ್ ತೆಗೆಯುವಷ್ಟರಲ್ಲಿ ಅವರು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಾರೆ, ಅಪ್ಪಾ. ‘ಎಲ್ಲರಿಗೂ ತಿಳಿಯಿತೋ?’ ಎಂದು ಕೇಳುತ್ತಾರೆ. ಯಾರೋ ಇಬ್ಬರು ‘ತಿಳಿಯಿತು’ ಅನ್ನುತ್ತಾರೆ. ಮತ್ತೆ ನಾನು ಹೇಗೆ ಕೇಳಲಿ?”

ಹಾಜರಿ ಪುಸ್ತಕದಲ್ಲಿ ಈ ಹುಡುಗಿಗೆ ಒಂದು ದಿನವೂ ತಪ್ಪಿರಲಿಲ್ಲ. ಉಪಾಧ್ಯಾಯಿನಿಯು ಪ್ರಾಮಾಣಿಕಳಾಗಿ ಕಲಿಸುತ್ತಿದ್ದಳು. ತಂದೆಯು ತನ್ನ ಕೆಲಸಕ್ಕೆ ತೊಂದರೆ ತಂದುಕೊಂಡು ಮೊಬೈಲನ್ನು ಬಿಟ್ಟುಕೊಟ್ಟಿದ್ದನು. ಆದರೂ ಮಗುವು ದಿನದಿಂದ ದಿನಕ್ಕೆ ಹಿಂದೆ ಬೀಳುತ್ತಿತ್ತು. ಅದು ಯಾರಿಗೂ ಕಾಣಲಿಲ್ಲ. ಶಾಲೆಯ ಕೋಣೆಯಲ್ಲಾದರೆ ಉಪಾಧ್ಯಾಯರು ಮಗುವಿನ ಮುಖವನ್ನು ನೋಡಿಯೇ ತಿಳಿಯುವರು. ಸ್ಲೇಟನ್ನು ಬಗ್ಗಿ ನೋಡುವರು. ಮೊಬೈಲಿನ ಚಿಕ್ಕ ಚೌಕದಲ್ಲಿ ಹೆಸರೊಂದೇ ಕಾಣುವಾಗ, ಸುಮ್ಮನಿರುವ ಮಗುವು ತಿಳಿದ ಮಗುವಿನ ಹಾಗೆಯೇ ತೋರುತ್ತದೆ. ಹೀಗೆ ಹಿಂದೆ ಬಿದ್ದ ಮಗುವು ಶಾಲೆ ತೆರೆದಾಗ ನಾಚಿಕೆಯಿಂದ ಮನೆಯಲ್ಲೇ ನಿಂತು, ತಾಯಿಯ ಮೊರದ ಬಳಿಯಲ್ಲಿ ಬೀಡಿ ಕಟ್ಟಲು ಕೂತರೆ, ಅದು ಎಷ್ಟು ದೊಡ್ಡ ನಷ್ಟ!

3. ಯಂತ್ರದ ಸ್ವಭಾವವನ್ನು ತಿಳಿಯತಕ್ಕದ್ದು

ಹುಡುಗಿಯು ಮಾತಾಡುವಷ್ಟರಲ್ಲಿ ಪಾಠವು ಮುಂದೆ ಹೋದದ್ದು ಯಾಕೆಂದು ತಿಳಿಯಬೇಕಾದರೆ, ಯಂತ್ರವು ಕೆಲಸಮಾಡುವ ರೀತಿಯನ್ನು ಸ್ವಲ್ಪ ತಿಳಿದಿರಬೇಕು.

ನಾವು ಮಾತಾಡಿದ ಧ್ವನಿಯನ್ನೂ ನಮ್ಮ ಚಿತ್ರವನ್ನೂ ಮೊಬೈಲು ಅಂಕೆಗಳಾಗಿ ಮಾರ್ಪಡಿಸಿ, ಸಣ್ಣ ಸಣ್ಣ ಕಟ್ಟುಗಳಾಗಿ ವಿಭಾಗಿಸಿ ಕಳುಹಿಸುತ್ತದೆ. ಈ ಕಟ್ಟುಗಳು ಟವರಿಗೆ ಹೋಗಿ, ಅಲ್ಲಿಂದ ಕಂಪೆನಿಯವರ ದೂರದ ಯಂತ್ರಕ್ಕೆ ಮುಟ್ಟಿ, ಅಲ್ಲಿಂದ ಪ್ರತಿಯೊಬ್ಬ ವಿದ್ಯಾರ್ಥಿಯ ಮೊಬೈಲಿಗೆ ಬಂದು, ತಿರಿಗಿ ಧ್ವನಿಯೂ ಚಿತ್ರವೂ ಆಗುತ್ತವೆ. ದಾರಿಯಲ್ಲಿ ಕೆಲವು ಕಟ್ಟುಗಳು ತಡವಾದರೆ ಇಲ್ಲವೆ ಕಳೆದುಹೋದರೆ ಮಾತು ತುಂಡುತುಂಡಾಗಿ ಕೇಳಿಸುತ್ತದೆ. ನೆಟ್‌ವರ್ಕು ಚೆನ್ನಾಗಿರುವಾಗಲೂ ಈ ಪ್ರಯಾಣಕ್ಕೆ ಸ್ವಲ್ಪ ಹೊತ್ತು ಹಿಡಿಯುವದು.

ಈ ತಡವು ಎಷ್ಟು ಸ್ವಲ್ಪವಾದರೂ ಅದರ ಫಲವು ಸ್ಪಷ್ಟವಾಗಿದೆ. ಆನ್‌ಲೈನ್ ಕೂಟದಲ್ಲಿ ಎಲ್ಲರೂ ಕೂಡಿ ಒಂದು ಸಂಗೀತವನ್ನು ಹಾಡಲು ಪ್ರಯತ್ನಿಸಿದವರು ಇದನ್ನು ಬಲ್ಲರು. ಒಬ್ಬನು ಮೊದಲನೆಯ ಸಾಲನ್ನು ಮುಗಿಸುವಾಗ ಇನ್ನೊಬ್ಬನು ನಡುವಿನಲ್ಲಿರುವನು. ಒಬ್ಬರ ಧ್ವನಿಯು ಇನ್ನೊಬ್ಬರಿಗೆ ಒಂದು ಸೆಕೆಂಡಿನ ನೂರರಲ್ಲಿ ಮೂರು ಪಾಲಿಗಿಂತ ಹೆಚ್ಚು ತಡವಾಗಿ ಕೇಳಿಸಿದರೆ ತಾಳವು ಕೂಡಿಬರುವದು ಕಷ್ಟ. ಇಂಥ ಕೂಟಗಳಲ್ಲಿ ತಡವು ಅದಕ್ಕಿಂತ ಹಲವು ಪಟ್ಟು ಹೆಚ್ಚಾಗಿರುವದುಂಟು. ಆದದರಿಂದ ಒಬ್ಬರು ಮಾತ್ರ ಗಟ್ಟಿಯಾಗಿ ಹಾಡಿ, ಉಳಿದವರು ತಮ್ಮ ಧ್ವನಿಯನ್ನು ಮ್ಯೂಟ್ ಮಾಡಿ ಅವರೊಂದಿಗೆ ಹಾಡಿಕೊಳ್ಳತಕ್ಕದ್ದು. ಮಗ್ಗಿಯನ್ನು ಒಕ್ಕೊರಲಿನಿಂದ ಹೇಳಿಸುವಾಗಲೂ ಇದೇ ಕ್ರಮವನ್ನು ಅನುಸರಿಸಬೇಕು.

ಪ್ರಶ್ನೋತ್ತರಕ್ಕೂ ಈ ತಡವೇ ಅಡ್ಡಿ. ಅಮೇರಿಕ ದೇಶದ ಮೇರಿ ಬಡ್ ರೋ ಎಂಬ ವಿದುಷಿಯು 1970ರ ದಶಕದಲ್ಲಿ ಶಾಲೆಯ ಕೋಣೆಗಳಲ್ಲಿ ಪರೀಕ್ಷಿಸಿ ನೋಡಿ, ಉಪಾಧ್ಯಾಯರು ಪ್ರಶ್ನೆ ಕೇಳಿದ ಮೇಲೆ ಸಾಧಾರಣವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂದು ಕಂಡಳು. ಅವರು ಮೂರು ಸೆಕೆಂಡಾದರೂ ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು. ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡತೊಡಗಿದರು. ಒಂದೇ ಕೋಣೆಯಲ್ಲಿ ಕೂತವರಿಗೆ ಇಷ್ಟು ಹೊತ್ತು ಬೇಕಾದರೆ, ಧ್ವನಿಯು ತಡವಾಗಿ ಮುಟ್ಟುವ, ಮ್ಯೂಟ್ ತೆಗೆದು ಮಾತಾಡಬೇಕಾದ ಮಗುವಿಗೆ ಎಷ್ಟು ಹೊತ್ತು ಬೇಕು? ಉಪಾಧ್ಯಾಯರು ಮನಸ್ಸಿನಲ್ಲಿ ಹತ್ತರ ವರೆಗೆ ಎಣಿಸಿ ಕಾದರೆ ಹೆಚ್ಚಾಗದು.

ಮತ್ತೊಂದು ಸಂಗತಿ ಏನಂದರೆ, ಚಿತ್ರವನ್ನು ಕಳುಹಿಸುವದಕ್ಕೆ ಧ್ವನಿಗೆ ಬೇಕಾದದ್ದಕ್ಕಿಂತ ಸುಮಾರು ಹತ್ತು ಪಾಲು ಹೆಚ್ಚು ಡಾಟಾ ಬೇಕು. ಆದಕಾರಣ ಮಾತು ಕಡಿದು ಕಡಿದು ಬರುವಾಗ ಮೊದಲು ಚಿತ್ರವನ್ನು ನಿಲ್ಲಿಸಿ ಧ್ವನಿಯನ್ನು ಉಳಿಸಿಕೊಳ್ಳಬೇಕು. ಮುಖ ಕಾಣದಿದ್ದರೂ ಪಾಠ ನಡೆಯಬಹುದು. ಮಾತು ಕೇಳದಿದ್ದರೆ ನಡೆಯಲಾರದು.

4. ನಮ್ಮ ಜಿಲ್ಲೆಯೂ ನಮ್ಮ ರಾಜ್ಯವೂ ಕಂಡದ್ದು

ಘಟ್ಟದ ಬುಡದಲ್ಲಿರುವ ನಮ್ಮ ಊರುಗಳಲ್ಲಿ ಗುಡ್ಡಗಳೂ ದಟ್ಟವಾದ ಮರಗಳೂ ಟವರಿನ ಅಲೆಗಳಿಗೆ ಅಡ್ಡವಾಗುತ್ತವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮೊಬೈಲಿಗೆ ಚಾರ್ಜೂ ಇಲ್ಲ. 2021ರ ಜೂನ್ ತಿಂಗಳಲ್ಲಿ ಸುಳ್ಯ ತಾಲೂಕಿನ ಒಂದು ಹಳ್ಳಿಯ ಚಿತ್ರವು ದೇಶದ ಪತ್ರಿಕೆಗಳಲ್ಲೆಲ್ಲಾ ಪ್ರಕಟವಾಯಿತು. ಸುರಿಯುವ ಮಳೆಯಲ್ಲಿ ರಸ್ತೆಯ ಬದಿಯಲ್ಲಿ ಕೂತು ಒಬ್ಬ ವಿದ್ಯಾರ್ಥಿನಿಯು ಪಾಠ ಕೇಳುತ್ತಿದ್ದಳು. ಅವಳ ತಂದೆಯು ಕೊಡೆ ಹಿಡಿದು ಅವಳ ಬಳಿಯಲ್ಲಿ ನಿಂತಿದ್ದನು. ಆ ಚಿತ್ರವನ್ನು ನೋಡಿದವರು ತಂದೆಯ ಪ್ರೀತಿಯನ್ನು ಹೊಗಳಿದರು, ಅದು ಯೋಗ್ಯವೇ. ಆದರೆ ಅಷ್ಟು ಕಷ್ಟಪಟ್ಟು ಬಂದ ಮಗುವಿಗೆ ಒಂದು ಪ್ರಶ್ನೆಯನ್ನಾದರೂ ಕೇಳುವ ಅವಕಾಶ ಕೊಡುವದು ಕಲಿಸುವವರ ಸಾಲವೆಂದು ನಾವು ಹೇಳುತ್ತೇವೆ.

ಚಿಕ್ಕ ಮಕ್ಕಳಿಗೆ ಇಂಥ ಪಾಠವು ತಕ್ಕದ್ದೋ ಅಲ್ಲವೋ ಎಂಬ ವಿಷಯದಲ್ಲಿ ಬಲ್ಲವರೊಳಗೂ ಭೇದವಿತ್ತು. 2020ರ ಜೂನ್ ತಿಂಗಳಲ್ಲಿ ಕರ್ನಾಟಕ ಸರಕಾರವು ಐದನೆಯ ತರಗತಿಯ ವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಕೂಡದೆಂದು ಅಪ್ಪಣೆ ಮಾಡಿತು. ತಂದೆತಾಯಿಗಳಲ್ಲಿ ಕೆಲವರು ನ್ಯಾಯಾಲಯಕ್ಕೆ ಹೋದರು. ಜುಲೈ 8ರಂದು ರಾಜ್ಯದ ಉಚ್ಚ ನ್ಯಾಯಾಲಯವು ಆ ಅಪ್ಪಣೆಗೆ ತಡೆ ಕೊಟ್ಟಿತು. ಅದೇ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ‘ಪ್ರಜ್ಞಾತಾ’ ಎಂಬ ಸೂಚನೆಗಳನ್ನು ಹೊರಡಿಸಿತು. ಅವುಗಳ ಪ್ರಕಾರ, ಒಂದನೆಯ ತರಗತಿಯಿಂದ ಎಂಟನೆಯ ತರಗತಿಯ ವರೆಗಿನವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಪಾಠಗಳನ್ನು ಮೀರಬಾರದು. ಒಂಭತ್ತರಿಂದ ಹನ್ನೆರಡರ ವರೆಗಿನವರಿಗೆ ಅಂಥ ನಾಲ್ಕು ಪಾಠಗಳನ್ನು ಮೀರಬಾರದು. ಒಂದನೆಯ ತರಗತಿಗಿಂತ ಕೆಳಗಿನವರಿಗಾದರೋ, ತಂದೆತಾಯಿಗಳೊಡನೆ ಮಾತಾಡುವದಕ್ಕೆ 30 ನಿಮಿಷಕ್ಕಿಂತ ಹೆಚ್ಚು ಬೇಡ. ಆ ಕಾಲವು ಹೋದರೂ ಈ ಅಳತೆಯು ಈಗಲೂ ನೆನಪಿಡತಕ್ಕದ್ದು.

ಅದೇ ವರುಷದ ಆಗೋಸ್ತಿನಲ್ಲಿ ರಾಜ್ಯ ಸರಕಾರವು ‘ವಿದ್ಯಾಗಮ’ವೆಂಬ ಕ್ರಮವನ್ನು ಆರಂಭಿಸಿತು. ಉಪಾಧ್ಯಾಯರು ತಾವೇ ಹಳ್ಳಿಗಳಿಗೆ ಹೋಗಿ, ಮಕ್ಕಳನ್ನು ಚಿಕ್ಕ ಗುಂಪುಗಳಾಗಿ ಬಯಲಿನಲ್ಲಿಯೂ ಜಗಲಿಯಲ್ಲಿಯೂ ಕೂರಿಸಿ ಕಲಿಸಿದರು. ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಅದರಿಂದ ಒಂದು ಬುದ್ಧಿ ಕಲಿಯಬಹುದು: ಯಂತ್ರವು ಮುಟ್ಟದ ಮನೆಗೆ ಮನುಷ್ಯನೇ ಹೋಗಬೇಕು.

5. ಕಲಿಸುವವರು ಮಾಡತಕ್ಕದ್ದು

ಒಂದನೆಯದು: ಪಾಠದ ಹೊತ್ತನ್ನು ಗೊತ್ತುಮಾಡುವ ಮೊದಲು, ಯಾವ ಮನೆಯಲ್ಲಿ ಮೊಬೈಲು ಯಾವ ಹೊತ್ತಿಗೆ ಇರುತ್ತದೆಂದು ವಿಚಾರಿಸಬೇಕು. ರಬ್ಬರ್ ಟ್ಯಾಪಿಂಗಿಗೆ ಹೋಗುವವನ ಮಗಳಿಗೆ ಸಾಯಂಕಾಲದ ಪಾಠವು ಹೆಚ್ಚು ಅನುಕೂಲವಾದೀತು.

ಎರಡನೆಯದು: ಪಾಠವನ್ನು ಚಿಕ್ಕದಾಗಿ ಮಾಡಬೇಕು. ಹಣ ಕೊಡದೆ ಉಪಯೋಗಿಸುವವರಿಗೆ ಝೂಮಿನ ಸಭೆಯು 40 ನಿಮಿಷಗಳಲ್ಲಿ ತಾನೇ ಮುಗಿಯುತ್ತದೆ. ಇದನ್ನು ದೋಷವೆಂದೆಣಿಸದೆ ಗುಣವೆಂದೆಣಿಸಬಹುದು. ಹತ್ತು ನಿಮಿಷ ಹೇಳಿ, ಐದು ನಿಮಿಷ ಕೇಳಿ, ತಿರಿಗಿ ಹತ್ತು ನಿಮಿಷ ಹೇಳುವದು ಒಳ್ಳೇ ಕ್ರಮ.

ಮೂರನೆಯದು: ‘ಎಲ್ಲರಿಗೂ ತಿಳಿಯಿತೋ?’ ಎಂದು ಕೇಳುವದನ್ನು ಬಿಟ್ಟುಬಿಡಬೇಕು. ಆ ಪ್ರಶ್ನೆಗೆ ತಿಳಿದವರು ಮಾತ್ರ ಉತ್ತರ ಕೊಡುವರು. ಅದಕ್ಕೆ ಬದಲಾಗಿ ಒಂದೊಂದು ಮಗುವನ್ನು ಹೆಸರು ಹಿಡಿದು ಕರೆದು, ‘ಈ ಲೆಕ್ಕವನ್ನು ನೀನು ಹೇಗೆ ಮಾಡಿದಿ?’ ಎಂದು ಪ್ರೀತಿಯಿಂದ ಕೇಳಿ, ಕಾಯಬೇಕು. ತಪ್ಪಿದರೆ ಗದರಿಸಬಾರದು, ಯಾಕಂದರೆ ಇಲ್ಲಿ ಗದರಿಕೆಯನ್ನು ಆ ಮಗುವಿನ ಮನೆಯವರೂ ಉಳಿದ ಮಕ್ಕಳ ಮನೆಯವರೂ ಕೇಳುವರು, ಮತ್ತು ಮಗುವು ಮರುದಿನ ಬಾರದು.

ನಾಲ್ಕನೆಯದು: ಮಕ್ಕಳು ಲೆಕ್ಕವನ್ನು ಕಾಗದದ ಮೇಲೆ ಬರೆದು ಮೊಬೈಲಿನ ಎದುರಿಗೆ ಹಿಡಿಯುವಂತೆ ಹೇಳಬೇಕು. ಸ್ಲೇಟನ್ನು ಬಗ್ಗಿ ನೋಡಿದ ಹಾಗೆ ಆಗುವದು.

ಐದನೆಯದು: ಎರಡು ದಿನ ಕಾಣದ ಮಗುವಿನ ಮನೆಗೆ ಸಾಧಾರಣವಾದ ಫೋನು ಮಾಡಬೇಕು. ಇದಕ್ಕೆ ದೊಡ್ಡ ಮೊಬೈಲೂ ಡಾಟಾವೂ ಬೇಡ. ಮೇಲಿನ ದೃಷ್ಟಾಂತದ ಹುಡುಗಿಗೆ ವಾರಕ್ಕೊಂದು ಸಾರಿ ಐದು ನಿಮಿಷದ ಇಂಥ ಮಾತು ದೊರೆತಿದ್ದರೆ ಭಿನ್ನರಾಶಿಯು ಆಕೆಗೆ ಕಷ್ಟವಾಗುತ್ತಿರಲಿಲ್ಲ.

6. ಮನೆಯವರೂ ಸಭೆಯವರೂ ಮಾಡತಕ್ಕದ್ದು

ಒಂದನೆಯದು: ಪಾಠದ ಹೊತ್ತಿನಲ್ಲಿ ಟಿ.ವಿ.ಯನ್ನು ಆರಿಸಿ, ಮಗುವಿಗೆ ಕೂರುವದಕ್ಕೆ ಒಂದು ಸ್ಥಳವನ್ನು ಕೊಡಿರಿ. ಚಿಕ್ಕ ಮಗುವಾದರೆ ದೊಡ್ಡವರೊಬ್ಬರು ಬಳಿಯಲ್ಲಿರಲಿ. ಓದಲು ಬಾರದ ತಾಯಿಯೂ ಪಾಠವಾದ ಮೇಲೆ, ‘ಇವತ್ತು ಏನು ಕಲಿತಿ? ನನಗೂ ಹೇಳು’ ಎಂದು ಕೇಳಬಹುದು. ಹೇಳಲಾರದ ಮಗುವಿಗೆ ಪಾಠವು ತಿಳಿದಿಲ್ಲವೆಂದು ಆಗಲೇ ಗೊತ್ತಾಗುವದು.

ಎರಡನೆಯದು: ಮೊಬೈಲನ್ನು ಗಂಡುಮಕ್ಕಳಿಗೆ ಮೊದಲು, ಹೆಣ್ಣುಮಕ್ಕಳಿಗೆ ಉಳಿದರೆ ಎಂದು ಮಾಡಬೇಡಿರಿ. ಇಬ್ಬರಿಗೂ ಒಂದೇ ಹೊತ್ತಿನಲ್ಲಿ ಪಾಠವಿದ್ದರೆ ಉಪಾಧ್ಯಾಯರಿಗೆ ತಿಳಿಸಿರಿ.

ಮೂರನೆಯದು: ಮೊಬೈಲಿಲ್ಲದ ಮನೆಯ ಮಗುವನ್ನು ಮೊಬೈಲಿರುವ ನೆರೆಯವರು ಕರೆದು ಕೂರಿಸಿಕೊಳ್ಳಲಿ. ನೆಟ್‌ವರ್ಕು ಚೆನ್ನಾಗಿ ಸಿಕ್ಕುವ ಸ್ಥಳದಲ್ಲಿ ಸಭೆಯ ಕಟ್ಟಡವಿದ್ದರೆ, ಅದರ ಜಗಲಿಯನ್ನು ಸಾಯಂಕಾಲದಲ್ಲಿ ಮಕ್ಕಳಿಗೋಸ್ಕರ ತೆರೆದಿಡಬಹುದು. ಮರದ ಕೆಳಗೆ ಮಳೆಯಲ್ಲಿ ಕೂರುವ ಮಗುವಿಗೆ ಇದು ದೊಡ್ಡ ಸಹಾಯ.

ನಾಲ್ಕನೆಯದು: ಎಚ್ಚರಿಕೆಯೂ ಬೇಕು. ಪಾಠದ ಲಿಂಕು ಮನೆಯ ಬೀಗದಕೈಯಂತಿರುವದು. ಅದನ್ನು ಪರರಿಗೆ ಕಳುಹಿಸಕೂಡದು. 2020ರ ಏಪ್ರಿಲಿನಲ್ಲಿ ಭಾರತ ಸರಕಾರದ ಗೃಹ ಮಂತ್ರಾಲಯವು ಝೂಮಿನ ಸುರಕ್ಷತೆಯ ವಿಷಯದಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿತು. ಕರೆಯದವರು ಸಭೆಗಳೊಳಗೆ ನುಗ್ಗಿ ಕೆಟ್ಟ ಚಿತ್ರಗಳನ್ನು ತೋರಿಸಿದ್ದುಂಟು. ಆದಕಾರಣ ಪಾಸ್‌ವರ್ಡನ್ನಿಟ್ಟು, ಬಂದವರನ್ನು ಹೊರಗೆ ಕಾಯಿಸಿ, ಗುರುತಿದ್ದವರನ್ನು ಮಾತ್ರ ಒಳಗೆ ಬಿಡುವ ಕ್ರಮವನ್ನು ಉಪಾಧ್ಯಾಯರು ಅನುಸರಿಸಲಿ. ಮಕ್ಕಳ ಚಿತ್ರವನ್ನು ತಂದೆತಾಯಿಗಳ ಅಪ್ಪಣೆ ಇಲ್ಲದೆ ಯಾರೂ ತೆಗೆದಿಡಬಾರದು.

7. ಸಮಾಪ್ತಿ

ಪ್ರಿಯರೇ, ಎರಿಕ್ ಯುವಾನ್ ಎಂಬವರು 2011ರಲ್ಲಿ ಅಮೇರಿಕದಲ್ಲಿ ಝೂಮ್ ಕಂಪೆನಿಯನ್ನು ಸ್ಥಾಪಿಸಿದಾಗ, ಸುಳ್ಯದ ಗುಡ್ಡದ ಮೇಲೆ ಒಂದು ಮಗುವು ಅದರಿಂದ ಭಿನ್ನರಾಶಿಯನ್ನು ಕಲಿಯುವದೆಂದು ಯಾರು ನೆನಸಿದ್ದರು? ಸಾಧನಗಳು ಬರುತ್ತವೆ, ಮಾರ್ಪಡುತ್ತವೆ, ಹೋಗುತ್ತವೆ. ಕಲಿಸುವವನ ಕೆಲಸವೋ ಅದೇ ಇರುತ್ತದೆ: ತಾನು ಹೇಳಿದ್ದು ಮಗುವಿನ ಮನಸ್ಸಿನಲ್ಲಿ ಏನಾಯಿತೆಂದು ತಿಳಿಯುವದು. ಅದಕ್ಕೆ ಮಗುವು ಮಾತಾಡಬೇಕು. ಮಗುವು ಮಾತಾಡಬೇಕಾದರೆ ದೊಡ್ಡವರು ಸ್ವಲ್ಪ ಹೊತ್ತು ಸುಮ್ಮನಿರಬೇಕು. ಈ ಸಾಯಂಕಾಲ ನಿಮ್ಮ ಮನೆಯಲ್ಲಿ ಪಾಠ ಕೇಳಿ ಎದ್ದ ಮಗುವನ್ನು ಬಳಿಗೆ ಕರೆದು, ಒಂದು ಪ್ರಶ್ನೆ ಕೇಳಿ, ಹತ್ತರ ವರೆಗೆ ಎಣಿಸಿ ಕಾದು ನೋಡಿರಿ.

ವಿಚಾರಿಸತಕ್ಕ ಪ್ರಶ್ನೆಗಳು

1. ಪತ್ರಿಕೆ, ಆಕಾಶವಾಣಿ ಇವುಗಳಲ್ಲಿಲ್ಲದ ಯಾವ ಗುಣವು ನೇರ ಪಾಠದಲ್ಲಿ ಉಂಟು?
2. ದೃಷ್ಟಾಂತದ ಹುಡುಗಿಯು ದಿನಾಲು ಹಾಜರಿದ್ದರೂ ಹಿಂದೆ ಬಿದ್ದದ್ದು ಯಾಕೆ? ಅದು ಯಾರಿಗೂ ಕಾಣದೆ ಹೋದದ್ದು ಯಾಕೆ?
3. ಆನ್‌ಲೈನ್ ಕೂಟದಲ್ಲಿ ಎಲ್ಲರೂ ಕೂಡಿ ಹಾಡುವದು ಕಷ್ಟವೇಕೆ?
4. ಮಾತು ಕಡಿದು ಕಡಿದು ಕೇಳಿಸುವಾಗ ಮೊದಲು ಏನು ಮಾಡತಕ್ಕದ್ದು?
5. ಎಂಟನೆಯ ತರಗತಿಯ ವರೆಗಿನ ಮಕ್ಕಳಿಗೆ ದಿನಕ್ಕೆ ಎಷ್ಟು ಪಾಠವು ಸಾಕೆಂದು 2020ರ ಸೂಚನೆಗಳಲ್ಲಿ ಹೇಳಿತ್ತು?
6. ನಮ್ಮ ಊರಿನಲ್ಲಿ ಮೊಬೈಲಿಲ್ಲದ ಮಕ್ಕಳು ಯಾರು? ಅವರಿಗೋಸ್ಕರ ನಾವು ಈ ವಾರದಲ್ಲಿ ಏನು ಮಾಡಬಹುದು?